ಷೆರಿಫ್ ಪ್ಯಾಟ್ ಗ್ಯಾರೆಟ್ ಮತ್ತು ಅವರ ಮನೆಯವರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೇ ಪಶ್ಚಿಮದ ಕಥೆಗಳನ್ನು ಇಷ್ಟಪಡುವವರ ಜೊತೆ ಮಾತಿಗೆ ಕೂತರೆ ಪ್ಯಾಟ್ ಗ್ಯಾರೆಟ್ ಹೆಸರು ಬಂದೇ ಬರುತ್ತದೆ. ಪತ್ರಗಳಲ್ಲೂ ಕಾಮೆಂಟುಗಳಲ್ಲೂ ಅಷ್ಟೇ. ಮುಕ್ಕಾಲು ಪಾಲು ಪ್ರಶ್ನೆಗಳು ಒಂದೇ ರಾತ್ರಿಯ ಬಗ್ಗೆ ಇರುತ್ತವೆ: 1881ರ ಜುಲೈ 14, ದನಗಳ್ಳ, ಕೊಲೆಗಾರ ಎಂದು ಹೆಸರಾಗಿದ್ದ ಯುವಕ ಬಿಲ್ಲಿ ದಿ ಕಿಡ್ ಗ್ಯಾರೆಟ್ ಗುಂಡಿಗೆ ಸತ್ತ ರಾತ್ರಿ. ಆದರೆ ಗ್ಯಾರೆಟ್ 57 ವರ್ಷ ಬದುಕಿದರು. ಎಂಟು ಮಕ್ಕಳನ್ನು ಸಾಕಿದರು. ಸಾಯುವ ದಿನದವರೆಗೂ ಸಾಲದಲ್ಲೇ ಇದ್ದರು. ನನಗೆ ಅವರು ಮೊದಲು ಒಬ್ಬ ಸಂಸಾರಿ, ಆಮೇಲೆ ಷೆರಿಫ್. ಹಾಗಾಗಿ ಮನೆಯ ವಿಷಯಕ್ಕೆ ಇಲ್ಲಿ ಜಾಸ್ತಿ ಜಾಗ ಸಿಕ್ಕಿದೆ.

## ಮೊದಲ ಪರಿಚಯ

ಪ್ಯಾಟ್ ಗ್ಯಾರೆಟ್ ಯಾರು? ಒಂದೆರಡು ಮಾತಲ್ಲಿ ಹೇಳಿ.

ನ್ಯೂ ಮೆಕ್ಸಿಕೋ ಇನ್ನೂ ಅಮೆರಿಕದ ಪೂರ್ಣ ರಾಜ್ಯವಾಗದೆ ಬರೀ ಟೆರಿಟರಿಯಾಗಿದ್ದ ಕಾಲದಲ್ಲಿ ಅಲ್ಲಿನ ಲಿಂಕನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಷೆರಿಫ್ ಆಗಿದ್ದವರು. ಹುಟ್ಟಿದ್ದು 1850ರ ಜೂನ್ 5ರಂದು, ಅಲಬಾಮಾದಲ್ಲಿ. ಸತ್ತದ್ದು 1908ರ ಫೆಬ್ರವರಿ 29ರಂದು, ಲಾಸ್ ಕ್ರೂಸೆಸ್ ಊರಿಗೆ ಹೋಗುವ ದಾರಿಯಲ್ಲಿ, ಗುಂಡೇಟಿಗೆ. ಎರಡು ಕೌಂಟಿಗಳಲ್ಲಿ ಷೆರಿಫ್ ಆಗಿದ್ದರು. ಎಮ್ಮೆಯನ್ನು ಹೋಲುವ ಕಾಡುಪ್ರಾಣಿ ಬೈಸನ್‌ಗಳ ಬೇಟೆ, ದನ ಸಾಕಣೆ, ನೀರಾವರಿ ಕಾಲುವೆ, ರೇಸ್ ಕುದುರೆ, ಗಡಿಯ ಸುಂಕದ ಕಚೇರಿ, ಹೀಗೆ ಎಲ್ಲದಕ್ಕೂ ಕೈ ಹಾಕಿದರು.

ಆರಡಿ ನಾಲ್ಕು ಇಂಚು ಎತ್ತರದ ಸಣಕಲು ಆಳು. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಊರಿನ ಸ್ಪ್ಯಾನಿಷ್ ಮಾತಾಡುವ ಜನ ಅವರನ್ನು 'ಹ್ವಾನ್ ಲಾರ್ಗೊ' ಎಂದು ಕರೆಯುತ್ತಿದ್ದರು. ಉದ್ದನೆಯ ಜಾನ್ ಅಂತ ಅರ್ಥ.

ಷೆರಿಫ್ ಅಂದ್ರೆ ನಮ್ಮ ಪೊಲೀಸ್ ಇನ್ಸ್‌ಪೆಕ್ಟರ್ ಥರಾನಾ?

ಪೂರ್ತಿ ಹಾಗಲ್ಲ. ಷೆರಿಫ್‌ನನ್ನು ಜನ ವೋಟು ಹಾಕಿ ಆರಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಮತ್ತೆ ಚುನಾವಣೆ. ಕಳ್ಳರನ್ನು ಹಿಡಿಯುವುದು, ಕೋರ್ಟಿನ ವಾರಂಟು ಜಾರಿ ಮಾಡುವುದು, ಜೈಲು ನೋಡಿಕೊಳ್ಳುವುದು, ಗಲ್ಲು ಶಿಕ್ಷೆಯಾದರೆ ಅದನ್ನೂ ನಡೆಸುವುದು, ಎಲ್ಲ ಅವರ ಪಾಲಿಗೇ. ಇದರ ಜೊತೆಗೆ ಆ ಕಾಲದ ನ್ಯೂ ಮೆಕ್ಸಿಕೋದಲ್ಲಿ ತೆರಿಗೆ ವಸೂಲಿಯೂ ಷೆರಿಫ್ ಕೆಲಸವೇ. ತಿಂಗಳ ಸಂಬಳ ನಂಬಿ ಬದುಕುವ ಹುದ್ದೆ ಅಲ್ಲ ಅದು. ಕೆಲಸಕ್ಕಿಷ್ಟು ಶುಲ್ಕ, ವಸೂಲಾದ ತೆರಿಗೆಯಲ್ಲಿಷ್ಟು ಪಾಲು.

ಲಿಂಕನ್ ಕೌಂಟಿ ಎಷ್ಟು ದೊಡ್ಡದು ಅಂತ ತಿಳಿದರೆ ಕೆಲಸದ ಭಾರ ಗೊತ್ತಾಗುತ್ತದೆ. ಆಗ ಅದು ಸುಮಾರು 27,000 ಚದರ ಮೈಲಿ, ಅಂದರೆ ಹತ್ತಿರ ಹತ್ತಿರ 70,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟನ್ನೂ ಒಬ್ಬ ಷೆರಿಫ್, ಕೈಬೆರಳೆಣಿಕೆಯ ಡೆಪ್ಯುಟಿಗಳು ಕುದುರೆ ಮೇಲೆ ಸುತ್ತಬೇಕಿತ್ತು.

ಅವರ ತಂದೆ ತಾಯಿ ಯಾರು? ಬಡವರ ಮನೆಯಲ್ಲಿ ಹುಟ್ಟಿದರಾ?

ಇಲ್ಲ, ಅನುಕೂಲಸ್ಥರ ಮನೆ. ತಂದೆ ಜಾನ್ ಲಂಪ್ಕಿನ್ ಗ್ಯಾರೆಟ್, ತಾಯಿ ಎಲಿಜಬೆತ್ ಆನ್ ಜಾರ್ವಿಸ್. ಮಗು ಮೂರು ವರ್ಷದ್ದಿರುವಾಗ ಕುಟುಂಬ ಲೂಸಿಯಾನಾದ ಕ್ಲೇಬೋರ್ನ್ ಪ್ಯಾರಿಷ್‌ಗೆ ಹೋಯಿತು. ಅಲ್ಲಿ ದೊಡ್ಡ ಹತ್ತಿ ತೋಟ. ದುಡಿಯುತ್ತಿದ್ದವರು ಗುಲಾಮರು. ಈ ಮಾತನ್ನು ಮುಚ್ಚಿಡಬಾರದು. ಗ್ಯಾರೆಟ್ ಮನೆಯ ಸಿರಿತನ ನಿಂತಿದ್ದೇ ಆ ಜನರ ಬೆವರಿನ ಮೇಲೆ.

ಅಂತರ್ಯುದ್ಧ ಮುಗಿಯುವ ಹೊತ್ತಿಗೆ ತೋಟ ಹಾಳಾಗಿತ್ತು. 1867ರಲ್ಲಿ ತಾಯಿ ತೀರಿಕೊಂಡರು, ಮರುವರ್ಷ ತಂದೆ. ತಂದೆ ಬಿಟ್ಟುಹೋದದ್ದು 30,000 ಡಾಲರಿಗೂ ಮೀರಿದ ಸಾಲ. ಆಸ್ತಿಯ ಉಸ್ತುವಾರಿ ಭಾವನ ಕೈಗೆ ಹೋಯಿತು, ಇಬ್ಬರಿಗೂ ಸರಿಬರಲಿಲ್ಲ. 1869ರ ಜನವರಿ 25ರಂದು, ಹದಿನೆಂಟರ ಹುಡುಗ ಮನೆ ಬಿಟ್ಟು ಟೆಕ್ಸಾಸ್ ಕಡೆ ಹೊರಟ. ಅಪ್ಪನನ್ನು ಮುಳುಗಿಸಿದ ಸಾಲ ಮಗನನ್ನೂ ಕೊನೆತನಕ ಬಿಡಲಿಲ್ಲ. ಅವರ ಬದುಕು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಷೆರಿಫ್ ಆಗೋ ಮುಂಚೆನೇ ಒಬ್ಬನನ್ನು ಕೊಂದಿದ್ದರಂತೆ, ನಿಜಾನಾ?

ನಿಜ. ಟೆಕ್ಸಾಸ್‌ನ ಬಯಲಿನಲ್ಲಿ ಬೈಸನ್ ಬೇಟೆಗೆ ಸೇರಿದ್ದ ದಿನಗಳು. 1876ರ ನವೆಂಬರ್. ಜೊತೆಗಾರ ಜೋ ಬ್ರಿಸ್ಕೋ ಎಂಬ ಹುಡುಗ ಬಟ್ಟೆ ಒಗೆಯುತ್ತಿದ್ದ. ಕೆಸರು ನೀರಿನಲ್ಲಿ ಬಟ್ಟೆ ಒಗೆಯುವುದು ದಡ್ಡತನ ಎಂದು ಗ್ಯಾರೆಟ್ ಹಂಗಿಸಿದರು. ಜಗಳ ಹತ್ತಿತು. ಬ್ರಿಸ್ಕೋ ಕೊಡಲಿ ಹಿಡಿದು ಬಂದ, ಗ್ಯಾರೆಟ್ ಗುಂಡು ಹಾರಿಸಿದರು. ಹುಡುಗ ಉಳಿಯಲಿಲ್ಲ. ಗ್ಯಾರೆಟ್ ತಾವಾಗಿಯೇ ಫೋರ್ಟ್ ಗ್ರಿಫಿನ್‌ಗೆ ಹೋಗಿ ಶರಣಾದರು. ಅಲ್ಲಿನ ಅಧಿಕಾರಿಗಳು ಮೊಕದ್ದಮೆ ಹೂಡಲಿಲ್ಲ.

## ಬಿಲ್ಲಿಯ ವಿಷಯ

ಗ್ಯಾರೆಟ್ ಮತ್ತು ಬಿಲ್ಲಿ ಪ್ರಾಣ ಸ್ನೇಹಿತರಾಗಿದ್ದರಾ?

ಪರಿಚಯ ಇತ್ತು. ಫೋರ್ಟ್ ಸಮ್ನರ್ ಚಿಕ್ಕ ಊರು. ಗ್ಯಾರೆಟ್ 1878ರಲ್ಲಿ ಅಲ್ಲಿಗೆ ಬಂದರು. ಪೀಟ್ ಮ್ಯಾಕ್ಸ್‌ವೆಲ್ ಅವರ ಹತ್ತಿರ ದನ ಕಾಯುವ ಕೆಲಸ ಮಾಡಿದರು, ಸಾರಾಯಿ ಅಂಗಡಿಯಲ್ಲೂ ಕೆಲಸ ಮಾಡಿದರು. ಬಿಲ್ಲಿಯೂ ಅಲ್ಲೇ ಓಡಾಡುತ್ತಿದ್ದ. ಇಸ್ಪೀಟು, ಕುಣಿತ ಇದ್ದ ಕಡೆ ಒಬ್ಬರಿಗೊಬ್ಬರು ಸಿಗದೆ ಇರಲು ಸಾಧ್ಯವೇ ಇರಲಿಲ್ಲ. ಆದರೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಒಬ್ಬ ಇನ್ನೊಬ್ಬನಿಗೆ ದ್ರೋಹ ಮಾಡಿದ ಅನ್ನೋದು ಕಥೆ ಹೇಳುವವರಿಗೆ ಬೇಕಾದ ಬಣ್ಣ. ವ್ಯಾಪಾರದ ಹಿಡಿತಕ್ಕಾಗಿ ಎರಡು ಗುಂಪು ಬಡಿದಾಡಿದ 1878ರ ಲಿಂಕನ್ ಕೌಂಟಿ ಗಲಭೆಯಲ್ಲಿ ಬಿಲ್ಲಿ ಒಂದು ಪಕ್ಷದಲ್ಲಿ ನಿಂತು ಹೊಡೆದಾಡಿದ. ಗ್ಯಾರೆಟ್ ಆ ಗಲಭೆಯಲ್ಲಿ ಯಾವ ಪಕ್ಷದಲ್ಲೂ ಇರಲಿಲ್ಲ.

ಹಾಗಾದರೆ ಬಿಲ್ಲಿಯನ್ನು ಹಿಡಿಯೋಕೆ ಇವರನ್ನೇ ಯಾಕೆ ಆರಿಸಿದರು?

ದನಗಳ್ಳತನ ಮಿತಿಮೀರಿತ್ತು. ಜಾನ್ ಚಿಸಮ್‌ನಂಥ ದೊಡ್ಡ ದನದ ಸಾಹುಕಾರರಿಗೆ ಫೋರ್ಟ್ ಸಮ್ನರ್‌ನ ಮೂಲೆ ಮೂಲೆ ಬಲ್ಲ, ಸ್ಪ್ಯಾನಿಷ್ ಮಾತಾಡುವ, ಹೆದರದ ಮನುಷ್ಯ ಬೇಕಿತ್ತು. 1880ರ ನವೆಂಬರ್ 2ರ ಚುನಾವಣೆಯಲ್ಲಿ ಗ್ಯಾರೆಟ್‌ಗೆ 320 ವೋಟು ಬಿತ್ತು, ಎದುರಾಳಿಗೆ 179. ಅಧಿಕಾರ ಶುರುವಾಗುವುದು ಜನವರಿಯಲ್ಲಿ. ಅದಕ್ಕೆ ಕಾಯದೆ ಡೆಪ್ಯುಟಿಯಾಗಿಯೇ ಬೆನ್ನಟ್ಟಿ ಹೊರಟರು. ಡಿಸೆಂಬರ್ 19ರಂದು ಫೋರ್ಟ್ ಸಮ್ನರ್‌ನಲ್ಲಿ ಬಿಲ್ಲಿಯ ಗೆಳೆಯ ಟಾಮ್ ಓಫಾಲಿಯರ್ಡ್ ಸತ್ತ. ನಾಲ್ಕು ದಿನದ ನಂತರ ಸ್ಟಿಂಕಿಂಗ್ ಸ್ಪ್ರಿಂಗ್ಸ್ ಎಂಬಲ್ಲಿ, ಹಿಮದ ನಡುವೆ ಒಂದು ಕಲ್ಲಿನ ಗುಡಿಸಲಿಗೆ ಮುತ್ತಿಗೆ ಹಾಕಿದರು. ಬಿಲ್ಲಿಯ ಇನ್ನೊಬ್ಬ ಗೆಳೆಯ ಚಾರ್ಲಿ ಬೌಡ್ರಿ ಸತ್ತ. ಬಿಲ್ಲಿ ಮತ್ತು ಉಳಿದವರು ಕೈ ಎತ್ತಿ ಹೊರಬಂದರು.

ಬಿಲ್ಲಿ ಜೈಲಿಂದ ತಪ್ಪಿಸಿಕೊಂಡಾಗ ಗ್ಯಾರೆಟ್ ಎಲ್ಲಿದ್ದರು?

ತೆರಿಗೆ ವಸೂಲಿಗೆ ಹೋಗಿದ್ದರು! 1881ರ ಏಪ್ರಿಲ್‌ನಲ್ಲಿ ಮೆಸಿಯಾ ಊರಿನ ಕೋರ್ಟು ಬಿಲ್ಲಿಗೆ ಗಲ್ಲು ಶಿಕ್ಷೆ ಕೊಟ್ಟಿತ್ತು. ಮೇ 13ಕ್ಕೆ ದಿನ ಗೊತ್ತಾಗಿತ್ತು. ಲಿಂಕನ್‌ನಲ್ಲಿ ಗಟ್ಟಿ ಜೈಲು ಇರಲಿಲ್ಲ, ಕೋರ್ಟಿನ ಮಹಡಿಯ ಕೋಣೆಯಲ್ಲೇ ಬೇಡಿ ಹಾಕಿ ಇಟ್ಟಿದ್ದರು. ಏಪ್ರಿಲ್ 28ರಂದು ಷೆರಿಫ್ ವೈಟ್ ಓಕ್ಸ್ ಊರಿನಲ್ಲಿದ್ದಾಗ ಬಿಲ್ಲಿ ಕಾವಲಿನ ಇಬ್ಬರು ಡೆಪ್ಯುಟಿಗಳನ್ನು, ಜೇಮ್ಸ್ ಬೆಲ್ ಮತ್ತು ಬಾಬ್ ಆಲಿಂಜರ್‌ರನ್ನು, ಕೊಂದು ಕುದುರೆ ಏರಿ ಹೋದ. ಒಬ್ಬನೇ ಮನುಷ್ಯನಿಗೆ ಕಾವಲಿನ ಕೆಲಸವನ್ನೂ ಕಂದಾಯದ ಕೆಲಸವನ್ನೂ ಹೊರಿಸಿದರೆ ಏನಾಗುತ್ತದೆ ಅಂತ ಆ ದಿನ ಕಂಡಿತು.

ಕತ್ತಲಲ್ಲಿ ಅಡಗಿ ಕೂತು ಕೊಂದದ್ದು ಹೇಡಿತನ ಅಲ್ವಾ?

ಈ ಪ್ರಶ್ನೆ ಗ್ಯಾರೆಟ್ ಬದುಕಿದ್ದಾಗಲೂ ಜನ ಕೇಳಿದ್ದರು. ಅವರನ್ನು ತುಂಬ ನೋಯಿಸಿದ ಮಾತು ಇದು.

ನಡೆದದ್ದು ಹೀಗೆ. ಬಿಲ್ಲಿ ಫೋರ್ಟ್ ಸಮ್ನರ್‌ನಲ್ಲೇ ಇದ್ದಾನೆಂಬ ಸುಳಿವು ಸಿಕ್ಕಿತು. ಜಾನ್ ಪೋ ಮತ್ತು ಕಿಪ್ ಮೆಕಿನ್ನಿ ಎಂಬ ಇಬ್ಬರನ್ನು ಕರೆದುಕೊಂಡು ಗ್ಯಾರೆಟ್ ಜುಲೈ 14ರ ರಾತ್ರಿ ಅಲ್ಲಿಗೆ ಹೋದರು. ಹಳೇ ಕೋಟೆಯ ಅಧಿಕಾರಿಗಳ ಮನೆಯಾಗಿದ್ದ ಕಟ್ಟಡದಲ್ಲಿ ಪೀಟ್ ಮ್ಯಾಕ್ಸ್‌ವೆಲ್ ಇದ್ದರು. ಇಬ್ಬರನ್ನೂ ಹೊರಗೆ ನಿಲ್ಲಿಸಿ ಗ್ಯಾರೆಟ್ ಒಬ್ಬರೇ ಒಳಗೆ ಹೋಗಿ, ಮ್ಯಾಕ್ಸ್‌ವೆಲ್ ಮಂಚದ ಪಕ್ಕ ಕೂತು ಮೆಲ್ಲಗೆ ವಿಚಾರಿಸುತ್ತಿದ್ದರು. ಅದೇ ಹೊತ್ತಿಗೆ ಬಿಲ್ಲಿ ಮಾಂಸ ಕೊಯ್ದುಕೊಳ್ಳಲು ಚಾಕು ಹಿಡಿದು ಬಂದ. ಹೊರಗೆ ಅಪರಿಚಿತರನ್ನು ಕಂಡು ಕತ್ತಲ ಕೋಣೆಗೆ ಹಿಂದೆ ಹಿಂದೆ ಸರಿದು, 'ಕಿಯೆನ್ ಎಸ್?' ಎಂದು ಕೇಳಿದ. ಯಾರದು ಅಂತ. ಗ್ಯಾರೆಟ್ ಎರಡು ಗುಂಡು ಹಾರಿಸಿದರು. ಮೊದಲನೆಯದೇ ಎದೆಗೆ ತಾಗಿತು.

ಅವರು ಕಾದು ಕೂತಿರಲಿಲ್ಲ. ಬಿಲ್ಲಿ ಆ ಕೋಣೆಗೇ ಬರುತ್ತಾನೆ ಅಂತ ಅವರಿಗೂ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ತಮ್ಮ ಇಬ್ಬರು ಡೆಪ್ಯುಟಿಗಳನ್ನು ಕೊಂದವನು ಮೂರು ಹೆಜ್ಜೆ ದೂರದಲ್ಲಿದ್ದಾನೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೇಡಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮರುದಿನ ಊರಿನವರೇ ಸೇರಿದ್ದ ಪಂಚರ ತಂಡ ಸ್ಪ್ಯಾನಿಷ್‌ನಲ್ಲಿ ವರದಿ ಬರೆದು, ಕಾನೂನಿಗೆ ಒಪ್ಪುವ ಕೊಲೆ ಎಂದು ಹೇಳಿತು.

ಬಹುಮಾನದ ದುಡ್ಡು ಸಿಕ್ಕಿತಾ?

ತಕ್ಷಣ ಸಿಗಲಿಲ್ಲ. ಗವರ್ನರ್ ಲ್ಯೂ ವಾಲೇಸ್ 500 ಡಾಲರ್ ಘೋಷಿಸಿದ್ದರು. ಬಿಲ್ಲಿ ಸಾಯುವ ಹೊತ್ತಿಗೆ ವಾಲೇಸ್ ಹುದ್ದೆಯಲ್ಲಿರಲಿಲ್ಲ. ಅವರ ಜಾಗದಲ್ಲಿದ್ದ ಅಧಿಕಾರಿ ಕಾನೂನಿನ ತೊಡಕು ಹೇಳಿ ಹಣ ತಡೆದರು. ಕೊನೆಗೆ 1882ರ ಫೆಬ್ರವರಿಯಲ್ಲಿ ಟೆರಿಟರಿಯ ಶಾಸನಸಭೆ ಇದಕ್ಕೆಂದೇ ಕಾನೂನು ಮಾಡಿ ಹಣ ಕೊಡಿಸಿತು. ಅದೇ ವರ್ಷ ಗ್ಯಾರೆಟ್ ಹೆಸರಿನಲ್ಲಿ ಬಿಲ್ಲಿಯ ಬಗ್ಗೆ ಪುಸ್ತಕವೂ ಬಂತು. ಅದರ ಬಹುಪಾಲು ಬರೆದವರು ಆಶ್ ಅಪ್ಸನ್ ಎಂಬ ಪತ್ರಕರ್ತ. ಅದರಿಂದಲೂ ಕಾಸು ಹುಟ್ಟಲಿಲ್ಲ.

ಬಿಲ್ಲಿ ಸಾಯಲೇ ಇಲ್ಲ, ಗ್ಯಾರೆಟ್ ಬೇರೆ ಯಾರನ್ನೋ ಹೂತರು ಅಂತಾರಲ್ಲ?

ನಂಬಬೇಡಿ. ಬಿಲ್ಲಿಯನ್ನು ಚೆನ್ನಾಗಿ ಬಲ್ಲ ಊರಿನವರೇ ಹೆಣ ನೋಡಿದರು, ರಾತ್ರಿಯಿಡೀ ಕಾದರು, ಮರುದಿನ ಹೂತರು. 1950ರಲ್ಲಿ ಮುದುಕರೊಬ್ಬರು ತಾನೇ ಬಿಲ್ಲಿ ಎಂದು ಗವರ್ನರ್ ಹತ್ತಿರ ಕ್ಷಮಾದಾನ ಕೇಳಲು ಬಂದರು. ಗವರ್ನರ್ ಒಪ್ಪಲಿಲ್ಲ.

## ಹೆಂಡತಿ, ಮಕ್ಕಳು, ಮನೆ

ಅವರ ಹೆಂಡತಿ ಯಾರು?

ಮೊದಲ ಹೆಂಡತಿ ಹ್ವಾನಿಟಾ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡರು. 1880ರ ಜನವರಿ 14ರಂದು ಆಂಟನ್ ಚೀಕೊ ಎಂಬ ಹಳ್ಳಿಯ ಚರ್ಚಿನಲ್ಲಿ ಗ್ಯಾರೆಟ್ ಅಪೊಲಿನಾರಿಯಾ ಗುಟಿಯೆರೆಸ್ ಅವರನ್ನು ಮದುವೆಯಾದರು. ಆಕೆ ಕ್ಯಾಥೊಲಿಕ್, ಮನೆಮಾತು ಸ್ಪ್ಯಾನಿಷ್. ಗಂಡ ದಕ್ಷಿಣದ ಬಿಳಿಯ, ದೇವರಲ್ಲಿ ನಂಬಿಕೆ ಇಲ್ಲದವರು. ಆದರೂ 28 ವರ್ಷ ಒಟ್ಟಿಗೆ ಬಾಳಿದರು.

ಗ್ಯಾರೆಟ್ ಬಗ್ಗೆ ಬರೆದವರು ಅಪೊಲಿನಾರಿಯಾ ಅವರಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡುವುದು ಅಪರೂಪ. ನನಗೆ ಇದು ಬೇಸರದ ಸಂಗತಿ. ಗಂಡ ಊರೂರು ಅಲೆಯುತ್ತಿದ್ದಾಗ ಎಂಟು ಮಕ್ಕಳನ್ನು ಸಾಕಿದವರು ಆಕೆ. ಮನೆ ರಾಸ್‌ವೆಲ್‌ನಿಂದ ಟೆಕ್ಸಾಸ್‌ಗೆ, ಅಲ್ಲಿಂದ ಲಾಸ್ ಕ್ರೂಸೆಸ್‌ಗೆ, ಎಲ್ ಪಾಸೊಗೆ ಬದಲಾಗುತ್ತಾ ಹೋಯಿತು. ಸಾಲಗಾರರ ಕಾಟವನ್ನೂ ಆಕೆ ಸಹಿಸಿದರು. ಗಂಡ ಸತ್ತ ಮೇಲೆ ಇನ್ನೂ 28 ವರ್ಷ ಬದುಕಿ 1936ರಲ್ಲಿ ತೀರಿಕೊಂಡರು.

ಎಷ್ಟು ಮಕ್ಕಳು? ಹೆಸರು ಹೇಳಿ.

ಎಂಟು. ಇಡಾ, ಎಲಿಜಬೆತ್, ಡಡ್ಲಿ ಪೋ, ಆ್ಯನಿ, ಪ್ಯಾಟ್ರಿಕ್, ಪಾಲಿನ್, ಆಸ್ಕರ್, ಜಾರ್ವಿಸ್. ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಗ್ಯಾರೆಟ್ ತಾಯಿಯ ಪೂರ್ತಿ ಹೆಸರು ಎಲಿಜಬೆತ್ ಆನ್ ಜಾರ್ವಿಸ್. ಮೂರು ಮಕ್ಕಳ ಹೆಸರಲ್ಲಿ ಅಜ್ಜಿ ಹಂಚಿಹೋಗಿದ್ದಾರೆ. ಹದಿನೆಂಟಕ್ಕೆ ಮನೆ ಬಿಟ್ಟು ಬಂದವರು ಅಮ್ಮನನ್ನು ಮರೆತಿರಲಿಲ್ಲ ಅಂತ ನನಗೆ ಅನ್ನಿಸುವುದು ಇಲ್ಲೇ.

ದೊಡ್ಡ ಮಗಳು ಇಡಾ 1896ರಲ್ಲಿ, ಹದಿನೈದರ ವಯಸ್ಸಿಗೇ ತೀರಿಕೊಂಡಳು.

ಮನೆಯಲ್ಲಿ ಮಕ್ಕಳ ಜೊತೆ ಬೇರೆ ಯಾರಾದರೂ ಇದ್ದರಾ?

ಆಶ್ ಅಪ್ಸನ್ ಇದ್ದರು. ಮೇಲೆ ಹೇಳಿದ ಪುಸ್ತಕ ಬರೆದ ಪತ್ರಕರ್ತ. ರಕ್ತಸಂಬಂಧ ಏನೂ ಇಲ್ಲ. ಕುಡಿತದ ಚಟವಿದ್ದ, ಸ್ವಂತ ಸಂಸಾರ ಜೊತೆಗಿಲ್ಲದ ಮನುಷ್ಯ. ವರ್ಷಗಟ್ಟಲೆ ಗ್ಯಾರೆಟ್ ಮನೆಯಲ್ಲೇ ಉಳಿದರು, ಅವರ ಜೊತೆಗೇ ಟೆಕ್ಸಾಸ್‌ನ ಯುವಾಲ್ಡಿಗೂ ಹೋದರು. 1894ರಲ್ಲಿ ಅಲ್ಲೇ ಸತ್ತರು. ಮಣ್ಣು ಮಾಡಿಸಿದ್ದು ಗ್ಯಾರೆಟ್.

ಕಣ್ಣು ಕಾಣದ ಮಗಳೊಬ್ಬಳು ಇದ್ದಳಂತೆ. ಅವಳ ಬಗ್ಗೆ ಹೇಳ್ತೀರಾ?

ಖಂಡಿತ. ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಎಲಿಜಬೆತ್ ಗ್ಯಾರೆಟ್ ಹುಟ್ಟಿದ್ದು 1885ರಲ್ಲಿ, ಈಗಿನ ರುಯಿಡೋಸೊ ಹತ್ತಿರದ ಈಗಲ್ ಕ್ರೀಕ್‌ನಲ್ಲಿ. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಅಪ್ಪನ ಪಾಪಕ್ಕೆ ಮಗಳಿಗೆ ಶಿಕ್ಷೆ ಎಂದು ಆಡಿಕೊಳ್ಳುವವರು ಅಲ್ಲೂ ಇದ್ದರು. ನಮ್ಮಲ್ಲೂ ಇಂಥ ಬಾಯಿಗಳಿಗೆ ಬರವಿಲ್ಲ, ಅಲ್ವಾ? ಅಪ್ಪ ಅಮ್ಮ ಅದಕ್ಕೆ ಕಿವಿಗೊಡಲಿಲ್ಲ. ಇನ್ನೂ ಚಿಕ್ಕವಳಿರುವಾಗಲೇ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದ ಅಂಧರ ಶಾಲೆಗೆ ಸೇರಿಸಿದರು. ಅಲ್ಲಿ ಪಿಯಾನೊ ಕಲಿತಳು, ಹಾಡು ಕಲಿತಳು. ಆಮೇಲೆ ಷಿಕಾಗೊ, ನ್ಯೂಯಾರ್ಕ್‌ನಲ್ಲಿ ಹೆಚ್ಚಿನ ಸಂಗೀತ.

ಅವರು ಕಛೇರಿ ಕೊಡುತ್ತಾ ಊರೂರು ತಿರುಗಿದರು. ಅಲಮೊಗಾರ್ಡೊದ ಅಂಧರ ಶಾಲೆಯಲ್ಲಿ ಸಂಗೀತ ಕಲಿಸಿದರು. ಹೆಲೆನ್ ಕೆಲರ್ ಅವರ ಸ್ನೇಹಿತೆಯಾಗಿದ್ದರು. 1915ರಲ್ಲಿ 'ಓ ಫೇರ್ ನ್ಯೂ ಮೆಕ್ಸಿಕೋ' ಎಂಬ ಹಾಡು ಬರೆದು ರಾಗ ಹಾಕಿದರು. ಎರಡು ವರ್ಷಕ್ಕೆ, 1917ರಲ್ಲಿ, ಶಾಸನಸಭೆ ಅದನ್ನೇ ನಾಡಗೀತೆ ಮಾಡಿತು. ಇವತ್ತಿಗೂ ಅದೇ ನ್ಯೂ ಮೆಕ್ಸಿಕೋದ ನಾಡಗೀತೆ. 1928ರಲ್ಲಿ ಹೆಸರಾಂತ ಬ್ಯಾಂಡ್ ಸಂಗೀತಗಾರ ಜಾನ್ ಫಿಲಿಪ್ ಸೂಸಾ ಅದನ್ನು ಬ್ಯಾಂಡಿಗೆ ಹೊಂದಿಸಿದರು. ಕಣ್ಣಿಂದ ನೋಡದ ನಾಡನ್ನು ಆಕೆ ಹಾಡಿಗೆ ತಂದರು.

ಅಪ್ಪ ಬಂದೂಕು ಹಿಡಿದು ಸಾಮರಸ್ಯ ತರಬೇಕಾಗಿತ್ತು, ನಾನು ಅದನ್ನು ಹಾಡಿನಿಂದ ತರಲು ನೋಡಿದೆ ಎಂಬರ್ಥದ ಮಾತು ಆಕೆಯದು. ರಾಸ್‌ವೆಲ್‌ನಲ್ಲಿ ಸ್ವಂತ ಮನೆ ಮಾಡಿಕೊಂಡು, ನಾಯಿಯ ಸಹಾಯದಿಂದ ಬೀದಿಗಳಲ್ಲಿ ಒಬ್ಬರೇ ಓಡಾಡುತ್ತಿದ್ದರು. 1947ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

## ಸಾಲ, ಸೋಲು, ಮತ್ತೆ ಷೆರಿಫ್

ಅಷ್ಟು ಹೆಸರು ಮಾಡಿದವರು ಬಡವರಾದದ್ದು ಹೇಗೆ?

ಒಂದೇ ಕಾರಣ ಹೇಳಲಾಗದು. 1880ರ ದಶಕದ ಕೊನೆಯಲ್ಲಿ ಅವರು ರಾಸ್‌ವೆಲ್ ಹತ್ತಿರ ಜಮೀನು ಮಾಡಿದರು. ಪೇಕಸ್ ನದಿ ಕಣಿವೆಯ ಒಣ ನೆಲಕ್ಕೆ ಕಾಲುವೆ ತೋಡಿ ನೀರು ಹರಿಸಿದರೆ ಬೆಳೆ ತೆಗೆಯಬಹುದು ಅಂತ ಕಂಡುಕೊಂಡವರಲ್ಲಿ ಅವರು ಮೊದಲಿಗರು. ನೀರಾವರಿ ಕಂಪನಿ ಕಟ್ಟುವುದರಲ್ಲಿ ಕೈ ಜೋಡಿಸಿದರು. ಆದರೆ ಅದಕ್ಕೆ ಬೇಕಾದ ಬಂಡವಾಳ ಅವರ ಹತ್ತಿರ ಇರಲಿಲ್ಲ. ದುಡ್ಡಿದ್ದವರು ಬಂದರು, ಗ್ಯಾರೆಟ್ ಹೊರಗುಳಿದರು. ಪೇಕಸ್ ಕಣಿವೆ ಇವತ್ತು ಹಸಿರಾಗಿದೆ.

1890ರಲ್ಲಿ ಹೊಸದಾಗಿ ಆದ ಚಾವೆಸ್ ಕೌಂಟಿಯ ಷೆರಿಫ್ ಹುದ್ದೆಗೆ ನಿಂತು ಸೋತರು. ಬೇಸತ್ತು ಯುವಾಲ್ಡಿಗೆ ಹೋಗಿ ರೇಸ್ ಕುದುರೆ ಸಾಕಿದರು. ಜೂಜಿನ ಚಟ ಇತ್ತು. ಸ್ನೇಹಿತರ ಸಾಲಕ್ಕೆ ಜಾಮೀನು ಹಾಕುವ ಅಭ್ಯಾಸವೂ ಇತ್ತು. ಸ್ನೇಹಿತ ಕಟ್ಟಲಿಲ್ಲ, ಬ್ಯಾಂಕು ಇವರ ಬೆನ್ನು ಹತ್ತಿತು. ಜಾಮೀನು ಹಾಕಿ ಕೆಟ್ಟವರನ್ನು ನಾವೂ ಕಂಡಿದ್ದೇವೆ. ಕೈಯಲ್ಲಿ ಹಣ ಇದ್ದಾಗ ಧಾರಾಳ, ಇಲ್ಲದಾಗ ಮತ್ತೊಂದು ಸಾಲ.

ಫೌಂಟನ್ ಪ್ರಕರಣ ಏನು? ಅದರಲ್ಲಿ ಗ್ಯಾರೆಟ್ ಪಾತ್ರ?

ಆಲ್ಬರ್ಟ್ ಫೌಂಟನ್ ಹೆಸರುವಾಸಿ ವಕೀಲರು, ರಾಜಕಾರಣಿ. ದನಗಳ್ಳರ ಮೇಲೆ ಮೊಕದ್ದಮೆ ಹೂಡಲು ಲಿಂಕನ್‌ಗೆ ಹೋಗಿ, ಎಂಟು ವರ್ಷದ ಮಗ ಹೆನ್ರಿಯ ಜೊತೆ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದರು. 1896ರ ಫೆಬ್ರವರಿ 1ರಂದು ವೈಟ್ ಸ್ಯಾಂಡ್ಸ್ ಮರಳುಗಾಡಿನ ಹತ್ತಿರ ಅಪ್ಪ ಮಗ ಇಬ್ಬರೂ ಕಾಣೆಯಾದರು. ಗಾಡಿ ಸಿಕ್ಕಿತು, ರಕ್ತದ ಕಲೆ ಸಿಕ್ಕಿತು. ದೇಹಗಳು ಇವತ್ತಿನವರೆಗೂ ಸಿಕ್ಕಿಲ್ಲ.

ಇದನ್ನು ಬಿಡಿಸಲೆಂದೇ ಗ್ಯಾರೆಟ್‌ರನ್ನು ಟೆಕ್ಸಾಸ್‌ನಿಂದ ಕರೆಸಿ ಡೋನ್ಯಾ ಆನಾ ಕೌಂಟಿಯ ಷೆರಿಫ್ ಮಾಡಿದರು. ಅವರ ಅನುಮಾನ ಬಿದ್ದದ್ದು ಆಲಿವರ್ ಲೀ ಎಂಬ ದನದ ಸಾಹುಕಾರ ಮತ್ತು ಅವನ ಆಳುಗಳ ಮೇಲೆ. 1898ರ ಜುಲೈನಲ್ಲಿ ವೈಲ್ಡಿ ವೆಲ್ ಎಂಬಲ್ಲಿ ಅವರನ್ನು ಹಿಡಿಯಲು ಹೋದಾಗ ಗುಂಡಿನ ಕಾಳಗ ಆಯಿತು. ಲೀ ಕಡೆಯವರು ಮನೆಯ ಮಾಳಿಗೆ ಮೇಲಿದ್ದರು, ಷೆರಿಫ್ ತಂಡ ಕೆಳಗೆ. ಡೆಪ್ಯುಟಿ ಕೆಂಟ್ ಕಿಯರ್ನಿಗೆ ಬಿದ್ದ ಏಟಿನಿಂದ ಪ್ರಾಣ ಹೋಯಿತು. ಗ್ಯಾರೆಟ್ ಹಿಂದೆ ಸರಿಯಬೇಕಾಯಿತು.

ಕೊನೆಗೆ 1899ರಲ್ಲಿ ಹಿಲ್ಸ್‌ಬರೊ ಊರಿನಲ್ಲಿ ವಿಚಾರಣೆ ನಡೆಯಿತು. ಆರೋಪಿಗಳ ವಕೀಲ ಆಲ್ಬರ್ಟ್ ಫಾಲ್. ಸುಮಾರು ಮೂರು ವಾರ ನಡೆದ ಮೊಕದ್ದಮೆಗೆ ತೀರ್ಪುಗಾರರು ಹತ್ತು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಆರೋಪಿಗಳು ಬಿಡುಗಡೆಯಾದರು. ನನ್ನ ಅಭಿಪ್ರಾಯದಲ್ಲಿ ಗ್ಯಾರೆಟ್ ಷೆರಿಫ್ ಆಗಿ ಹೆಚ್ಚು ಬೆವರು ಸುರಿಸಿದ್ದು ಇದಕ್ಕೇ, ಬಿಲ್ಲಿಗಲ್ಲ.

ಅಮೆರಿಕದ ಅಧ್ಯಕ್ಷರೇ ಅವರಿಗೆ ಕೆಲಸ ಕೊಟ್ಟಿದ್ದರಂತೆ, ಮತ್ತೆ ಕಿತ್ತುಕೊಂಡರಂತೆ?

ಹೌದು. 1901ರ ಡಿಸೆಂಬರ್‌ನಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅವರನ್ನು ಎಲ್ ಪಾಸೊದ ಸುಂಕದ ಅಧಿಕಾರಿಯಾಗಿ ನೇಮಿಸಿದರು. ಮೆಕ್ಸಿಕೋ ಗಡಿಯಲ್ಲಿ ಬರುವ ದನಕರು, ಸರಕಿಗೆ ಸುಂಕ ಹಾಕುವ ಕೆಲಸ. ಗ್ಯಾರೆಟ್ ಬದುಕಿನಲ್ಲಿ ತಿಂಗಳು ತಿಂಗಳು ಸಂಬಳ ಬಂದ ಕಾಲ ಎಂದರೆ ಇದೇ. ಆದರೆ ದೂರುಗಳೂ ಬಂದವು. 1905ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ರೂಸ್‌ವೆಲ್ಟ್ ಅವರ ಹಳೇ ದಂಡಿನವರ ಕೂಟ ನಡೆಯಿತು. ಅಲ್ಲಿಗೆ ಗ್ಯಾರೆಟ್ ತಮ್ಮ ಗೆಳೆಯ ಟಾಮ್ ಪವರ್ಸ್‌ರನ್ನು ಕರೆದೊಯ್ದು, ದನದ ವ್ಯಾಪಾರಿ ಎಂದು ಪರಿಚಯಿಸಿ ಅಧ್ಯಕ್ಷರ ಜೊತೆ ಫೋಟೊ ತೆಗೆಸಿದರು. ಪವರ್ಸ್ ನಿಜಕ್ಕೂ ಎಲ್ ಪಾಸೊದ ಸಾರಾಯಿ ಅಂಗಡಿಯ ಮಾಲೀಕ, ಜೂಜುಗಾರ. ವಿಷಯ ಹೊರಬಿತ್ತು. ಆ ವರ್ಷದ ಕೊನೆಗೆ ಅವರ ನೇಮಕ ಮುಂದುವರಿಯಲಿಲ್ಲ. ಗೆಳೆಯನನ್ನು ಬಿಟ್ಟುಕೊಡದೆ ಕೆಲಸ ಕಳೆದುಕೊಂಡರು.

## ಸಾವು ಮತ್ತು ಆಮೇಲೆ

ಮೇಕೆಗಳ ಜಗಳದಲ್ಲಿ ಸತ್ತರು ಅಂತಾರೆ. ಮೇಕೆಗೂ ಕೊಲೆಗೂ ಏನು ಸಂಬಂಧ?

ಕೆಲಸ ಹೋದ ಮೇಲೆ ಗ್ಯಾರೆಟ್ ಸ್ಯಾನ್ ಆಂಡ್ರೆಸ್ ಬೆಟ್ಟಗಳಲ್ಲಿದ್ದ ತಮ್ಮ ಜಮೀನಿಗೆ ಮರಳಿದರು. ತೆರಿಗೆ ಬಾಕಿ, ಅಡಮಾನ, ಅಂಗಡಿ ಸಾಲ, ಎಲ್ಲ ತಲೆ ಮೇಲಿತ್ತು. 1907ರಲ್ಲಿ ಮಗ ಪೋ ಬೇರ್ ಕ್ಯಾನ್ಯನ್ ಎಂಬ ಜಾಗವನ್ನು ವೇಯ್ನ್ ಬ್ರೇಜಲ್ ಎಂಬ ಯುವಕನಿಗೆ ಐದು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಗುತ್ತಿಗೆ ವರ್ಷಕ್ಕೆ ಹತ್ತು ಕಡಸು ಮತ್ತು ಒಂದು ಹೆಣ್ಣು ಕುದುರೆ ಮರಿ. ಬ್ರೇಜಲ್ ದನ ತರುವ ಬದಲು ಮೇಕೆ ತಂದು ಬಿಟ್ಟ. ದನ ಮೇಯಿಸುವವರಿಗೆ ಮೇಕೆ ಕಂಡರಾಗದು. ಮೇಕೆ ಹುಲ್ಲನ್ನು ಬುಡಸಮೇತ ಮೇಯುತ್ತದೆ, ದನಕ್ಕೆ ಏನೂ ಉಳಿಯುವುದಿಲ್ಲ. ಗ್ಯಾರೆಟ್ ಕೋರ್ಟಿಗೂ ಹೋದರು.

ಆಗ ಜಿಮ್ ಮಿಲ್ಲರ್ ಮತ್ತು ಕಾರ್ಲ್ ಆಡಮ್ಸನ್ ಎಂಬಿಬ್ಬರು ಜಮೀನು ಬೇಕೆಂದು ಮುಂದೆ ಬಂದರು. ಗ್ಯಾರೆಟ್‌ಗೆ ಸಾಲದಿಂದ ಪಾರಾಗುವ ದಾರಿ ಕಂಡಿತು. ಬ್ರೇಜಲ್ ತನ್ನ 1,200 ಮೇಕೆಗಳನ್ನು ಕೊಂಡರೆ ಜಾಗ ಬಿಡುವುದಾಗಿ ಹೇಳಿದ. ಮೇಕೆಗೆ ಮೂರೂವರೆ ಡಾಲರಿನ ಮಾತಾಯಿತು. ಆಮೇಲೆ ಮೇಕೆಗಳು 1,200 ಅಲ್ಲ, 1,800 ಅಂದ. ಮಾತು ಮುರಿಯಿತು.

ಅದನ್ನು ಸರಿಮಾಡಲೆಂದು 1908ರ ಫೆಬ್ರವರಿ 29ರ ಬೆಳಿಗ್ಗೆ ಗ್ಯಾರೆಟ್ ಮತ್ತು ಆಡಮ್ಸನ್ ಗಾಡಿಯಲ್ಲಿ ಲಾಸ್ ಕ್ರೂಸೆಸ್ ಕಡೆ ಹೊರಟರು. ದಾರಿಯಲ್ಲಿ ಬ್ರೇಜಲ್ ಕುದುರೆ ಮೇಲೆ ಜೊತೆಯಾದ. ಮತ್ತೆ ಜಗಳ. ಗಾಡಿ ನಿಂತಿತು. ಮೂತ್ರಕ್ಕೆಂದು ಇಳಿದಿದ್ದ ಗ್ಯಾರೆಟ್‌ಗೆ ಒಂದು ಗುಂಡು ತಲೆಯ ಹಿಂಭಾಗಕ್ಕೆ, ಇನ್ನೊಂದು ಹೊಟ್ಟೆಗೆ ಬಿತ್ತು.

ನಿಜವಾದ ಕೊಲೆಗಾರ ಯಾರು? ಬ್ರೇಜಲ್‌ಗೆ ಶಿಕ್ಷೆ ಆಯಿತಾ?

ಬ್ರೇಜಲ್ ತಾನೇ ಊರಿಗೆ ಬಂದು, ಕೊಂದವನು ನಾನೇ ಎಂದು ಶರಣಾದ. ಆತ್ಮರಕ್ಷಣೆಗೆ ಕೊಂದೆ ಎಂದ. 1909ರಲ್ಲಿ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಅವನ ವಕೀಲ ಮತ್ತದೇ ಆಲ್ಬರ್ಟ್ ಫಾಲ್. ಸ್ಥಳದಲ್ಲಿದ್ದ ಮೂರನೇ ಮನುಷ್ಯ ಆಡಮ್ಸನ್‌ನನ್ನು ಸಾಕ್ಷಿಗೆ ಕರೆಯಲೇ ಇಲ್ಲ. ಕಾಲು ಗಂಟೆಯಲ್ಲಿ ತೀರ್ಪು ಬಂತು, ಬ್ರೇಜಲ್ ಬಿಡುಗಡೆಯಾದ.

ತಲೆಯ ಹಿಂದೆ ಗುಂಡು ಬಿದ್ದ ಮನುಷ್ಯ ಎದುರಿಗೆ ಬಂದು ದಾಳಿ ಮಾಡಿದ ಎಂದರೆ ಹೇಗೆ ನಂಬುವುದು? ಅದಕ್ಕೇ ಇಷ್ಟು ವರ್ಷವಾದರೂ ಅನುಮಾನ ತೀರಿಲ್ಲ. ಬಾಡಿಗೆ ಕೊಲೆಗಾರನೆಂದು ಕುಖ್ಯಾತನಾಗಿದ್ದ ಜಿಮ್ ಮಿಲ್ಲರ್, ಗ್ಯಾರೆಟ್ ಜಮೀನಿನ ಅಡಮಾನ ಹಿಡಿದಿದ್ದ ನೆರೆಯ ಸಾಹುಕಾರ ಡಬ್ಲ್ಯು. ಡಬ್ಲ್ಯು. ಕಾಕ್ಸ್, ಬ್ರೇಜಲ್‌ನ ಪಾಲುಗಾರ ಪ್ರಿಂಟ್ ರೋಡ್, ಆಡಮ್ಸನ್, ಹೀಗೆ ಒಬ್ಬೊಬ್ಬ ಸಂಶೋಧಕರು ಒಬ್ಬೊಬ್ಬರತ್ತ ಬೆರಳು ತೋರಿಸಿದ್ದಾರೆ. ಬ್ರೇಜಲ್ ಒಪ್ಪಿಕೊಂಡದ್ದನ್ನು ತಳ್ಳಿಹಾಕುವಷ್ಟು ಗಟ್ಟಿ ಪುರಾವೆ ಯಾರೂ ತಂದಿಲ್ಲ. ಆದರೆ ಆತ್ಮರಕ್ಷಣೆ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಆ ಬಂದೂಕು ಕೋಟಿಗಟ್ಟಲೆಗೆ ಹರಾಜಾಯಿತಲ್ಲ, ದುಡ್ಡು ಕುಟುಂಬಕ್ಕೆ ಹೋಯಿತಾ?

ಬಿಲ್ಲಿಯನ್ನು ಕೊಂದ ಕೋಲ್ಟ್ ಪಿಸ್ತೂಲು 2021ರ ಆಗಸ್ಟ್‌ನಲ್ಲಿ 60 ಲಕ್ಷ ಡಾಲರಿಗೂ ಸ್ವಲ್ಪ ಜಾಸ್ತಿಗೆ ಹರಾಜಾಯಿತು. ಅಷ್ಟು ಹೊತ್ತಿಗೆ ಅದು ಬೇರೆ ಸಂಗ್ರಹಕಾರರ ಕೈಯಲ್ಲಿತ್ತು. ಮೊದಲು ಅದು ಬಿಲ್ಲಿಯ ಜೊತೆಗಾರ ಬಿಲ್ಲಿ ವಿಲ್ಸನ್‌ನಿಂದ ಸ್ಟಿಂಕಿಂಗ್ ಸ್ಪ್ರಿಂಗ್ಸ್‌ನಲ್ಲಿ ವಶಪಡಿಸಿಕೊಂಡದ್ದು. ಆಮೇಲೆ ಗ್ಯಾರೆಟ್ ಅದನ್ನು ಟಾಮ್ ಪವರ್ಸ್‌ಗೆ ಕೊಟ್ಟಿದ್ದರು, ಅವರ ಸಾರಾಯಿ ಅಂಗಡಿಯಲ್ಲಿ ಪ್ರದರ್ಶನಕ್ಕಿತ್ತು. ಪವರ್ಸ್ ಸತ್ತ ಮೇಲೆ, 1930ರ ದಶಕದಲ್ಲಿ, ಮುಪ್ಪಿನ ವಯಸ್ಸಿನ ಅಪೊಲಿನಾರಿಯಾ ಅದಕ್ಕಾಗಿ ಕೋರ್ಟು ಹತ್ತಿದರು. ಕೊಟ್ಟದ್ದು ನೋಡಲು, ದಾನವಾಗಿ ಅಲ್ಲ ಎಂಬುದು ಅವರ ವಾದ. ಗೆದ್ದರು, ಪಿಸ್ತೂಲು ಮನೆಗೆ ಬಂತು.

ಗ್ಯಾರೆಟ್ ವಂಶದವರು ಈಗಲೂ ಇದ್ದಾರಾ?

ಇದ್ದಾರೆ. ಕೊನೆಯ ಮಗ ಜಾರ್ವಿಸ್ 1991ರವರೆಗೆ ಬದುಕಿದ್ದರು. 2010ರಲ್ಲಿ ಗವರ್ನರ್ ಬಿಲ್ ರಿಚರ್ಡ್‌ಸನ್ ಬಿಲ್ಲಿಗೆ ಮರಣದ ನಂತರ ಕ್ಷಮಾದಾನ ಕೊಡುವ ವಿಚಾರ ಎತ್ತಿದಾಗ ಗ್ಯಾರೆಟ್ ಮೊಮ್ಮಕ್ಕಳು ಬಲವಾಗಿ ವಿರೋಧಿಸಿದರು. ಕ್ಷಮಾದಾನ ಕೊಟ್ಟರೆ ತಮ್ಮ ಅಜ್ಜನ ಹೆಸರಿಗೆ ಮಸಿ ಬಳಿದಂತೆ ಎಂದರು. ಆ ವರ್ಷದ ಕೊನೆಯ ದಿನ ಗವರ್ನರ್ ಕ್ಷಮಾದಾನ ಕೊಡುವುದಿಲ್ಲ ಎಂದು ತಿಳಿಸಿದರು.

ನಾವು ನ್ಯೂ ಮೆಕ್ಸಿಕೋಗೆ ಹೋಗ್ತಿದ್ದೀವಿ. ಅವರ ಸಮಾಧಿ ಎಲ್ಲಿದೆ?

ಲಾಸ್ ಕ್ರೂಸೆಸ್‌ನ ಮೇಸೋನಿಕ್ ಸ್ಮಶಾನದಲ್ಲಿ. ಹೋಗುವ ದಾರಿಯಲ್ಲಿ ಲಿಂಕನ್ ಊರನ್ನೂ ನೋಡಿ. ಬಿಲ್ಲಿ ತಪ್ಪಿಸಿಕೊಂಡ ಕೋರ್ಟು ಕಟ್ಟಡ ಈಗ ಮ್ಯೂಸಿಯಂ.

ಗ್ಯಾರೆಟ್ ಸತ್ತಾಗ ಅವರ ಎತ್ತರಕ್ಕೆ ತಕ್ಕ ಶವಪೆಟ್ಟಿಗೆ ಊರಲ್ಲಿ ಇರಲಿಲ್ಲ, ಎಲ್ ಪಾಸೊದಿಂದ ತರಿಸಬೇಕಾಯಿತು. ಮಾರ್ಚ್ 5ರಂದು ಮಣ್ಣು ಮಾಡಿದರು. ಪಾದ್ರಿ ಇರಲಿಲ್ಲ. ಯಾರಿಗಾಗಿ ಕೆಲಸ ಕಳೆದುಕೊಂಡರೋ ಆ ಟಾಮ್ ಪವರ್ಸ್ ನಿಂತು, ನಾಸ್ತಿಕ ವಾಗ್ಮಿ ರಾಬರ್ಟ್ ಇಂಗರ್ಸಾಲ್ ತಮ್ಮ ಅಣ್ಣ ಸತ್ತಾಗ ಆಡಿದ್ದ ಮಾತುಗಳನ್ನು ಓದಿದರು. ಆಗ ಗುಂಡಿ ತೋಡಿದ್ದು ರಸ್ತೆಯ ಆಚೆ ಬದಿಯ ಹಳೇ ಸ್ಮಶಾನದಲ್ಲಿ, ಹನ್ನೆರಡು ವರ್ಷ ಮೊದಲೇ ಹೋಗಿದ್ದ ಮಗಳು ಇಡಾ ಪಕ್ಕದಲ್ಲಿ. 1957ರಲ್ಲಿ ಸಮಾಧಿಯನ್ನು ಈಗಿರುವ ಜಾಗಕ್ಕೆ ತಂದರು.